ಬರ್ರಿ ಊಟಕ್ಕ

ಮೊನ್ನೆ ಮಧ್ಯಾಹ್ನ ತಾಟಿನ ಮುಂದೆ ಕೂತು ಮೊದಲ ತುತ್ತು ಮುರಿಯುತ್ತಿದ್ದೆ. ಗ್ಯಾಸ್ ಸಿಲಿಂಡರ್ ತಂದವನು ಬಾಗಿಲಲ್ಲಿ ನಿಂತ. ನನ್ನ ಬಾಯಿ ತನ್ನಷ್ಟಕ್ಕೆ ತಾನೇ “ಬರ್ರಿ ಊಟಕ್ಕ” ಅಂದಿತು. ಆತ ಸಿಲಿಂಡರನ್ನು ಹೊಸ್ತಿಲು ದಾಟಿಸುತ್ತ, ನನ್ನ ಕಡೆ ತಿರುಗಿಯೂ ನೋಡದೆ, “ಆಗ್ಲಿ, ಮಾಡ್ರಿ” ಅಂದ. ಖಾಲಿಯದನ್ನು ಹೆಗಲಿಗೇರಿಸಿ ಹೊರಟುಹೋದ. ನಾನು ಊಟ ಮುಂದುವರಿಸಿದೆ.

ನೀವು ನಮ್ಮ ಹಾನಗಲ್ ಕಡೆಯವರಾಗಿದ್ದರೆ ಇದರಲ್ಲಿ ಹೇಳುವಂಥದ್ದೇನಿದೆ ಅನ್ನುತ್ತೀರಿ. ಬೇರೆ ಕಡೆಯವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಉಣ್ಣಲು ಕೂತವರು ಕಣ್ಣಿಗೆ ಬಿದ್ದವರನ್ನೆಲ್ಲ ಊಟಕ್ಕೆ ಕರೆಯಬೇಕು. ಮನೆಯಾಗಲಿ, ಹೊಲದ ಬದುವಾಗಲಿ, ಬಸ್ಸಾಗಲಿ, ಪರಿಚಯ ಇರಲಿ ಬಿಡಲಿ, ಕರೆಯಬೇಕು. ಕರೆಸಿಕೊಂಡವರು “ಆಗ್ಲಿ, ಮಾಡ್ರಿ” ಅನ್ನಬೇಕು. ಅಲ್ಲಿಯವರೆಗೆ ಉಣ್ಣುವವರ ಕೈ ಬಾಯಿಗೆ ಹೋಗುವುದಿಲ್ಲ. ಎದ್ದು ಬಂದು ಕೂತು ಉಣ್ಣುವುದು ಮಾತ್ರ ಪದ್ಧತಿಯಲ್ಲಿಲ್ಲ. ಕರೆಯುವವರಿಗೂ ಅದು ಗೊತ್ತು, ಕರೆಸಿಕೊಳ್ಳುವವರಿಗೂ ಗೊತ್ತು.

ಈ ಪದ್ಧತಿ ಮುರಿದ ಒಬ್ಬನನ್ನು ನಾನು ಎಂಟು ವರ್ಷದವನಿದ್ದಾಗ ಕಂಡಿದ್ದೆ. ಅವ್ವನ ತವರು ಹಿರೇಕೆರೂರಿನ ಹತ್ತಿರದ ಒಂದು ಹಳ್ಳಿ. ಅಲ್ಲಿಗೆ ಹೋಗುವಾಗ ದಾರಿಯಲ್ಲಿ ಬಸ್ಸಿನ ಗಾಲಿ ಪಂಕ್ಚರ್ ಆಗಿ, ಎಲ್ಲರೂ ಇಳಿದು ಹುಣಸೆಮರದ ನೆರಳಿನಲ್ಲಿ ಕೂತೆವು. ಅವ್ವ ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು, ಮತ್ತೆ ನನಗೋಸ್ಕರವೇ ಕಟ್ಟಿದ್ದ ಎರಡು ಶೇಂಗಾ ಹೋಳಿಗೆ. ಡ್ರೈವರ್, ಕಂಡಕ್ಟರ್ ಸಮೇತ ಇಡೀ ಬಸ್ಸನ್ನು ಅವ್ವ ಊಟಕ್ಕೆ ಕರೆದಳು. ಇಡೀ ಬಸ್ಸು “ಆಗ್ಲಿ ಮಾಡ್ರೆವ್ವಾ” ಅಂದಿತು. ಒಬ್ಬ ಟೊಪ್ಪಿಗೆಯ ಮುದುಕ ಮಾತ್ರ ಎದ್ದ. ಧೋತರಕ್ಕೆ ಕೈ ಒರೆಸಿಕೊಂಡು ಬಂದು ನನ್ನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಮೂರು ರೊಟ್ಟಿ ಉಂಡ. ಅದು ಸಾಲದೆಂಬಂತೆ ಅವ್ವ ನನ್ನ ಎರಡು ಹೋಳಿಗೆಯಲ್ಲಿ ಒಂದನ್ನು ಅವನ ಕೈಗೆ ಹಾಕಿದಳು. ನಾನು ಹೋ ಎಂದು ಅತ್ತೆ.

“ಕರದೇನಿ, ಬಂದಾನ. ಅಳೂದೇನೈತಿ ಅದರಾಗ?” ಎಂದು ಅವ್ವ ನನ್ನನ್ನೇ ಗದರಿದಳು.

ನನಗಿಂತ ಮೂರು ವರ್ಷ ದೊಡ್ಡವಳಾದ ಅಕ್ಕ ಮಾತ್ರ ನನ್ನ ಪರ. “ಆಗ್ಲಿ ಮಾಡ್ರಿ ಅನ್ನಬೇಕಂತ ಗೊತ್ತಿಲ್ಲೇನು ಆ ಮುದುಕಗ?” ಎಂದು ಅಜ್ಜಿಯ ಮನೆ ಮುಟ್ಟುವ ತನಕ ಗೊಣಗುತ್ತಲೇ ಇದ್ದಳು. ಐವತ್ತು ವರ್ಷ ಕಳೆದರೂ ಆ ಮುದುಕನ ಸುದ್ದಿ ಬಂದರೆ ಅಕ್ಕನಿಗೆ ಸಿಟ್ಟು ಬರುತ್ತದೆ. ಹೋಳಿಗೆ ಹೋದದ್ದು ನನ್ನದು, ಸಿಟ್ಟು ಅವಳದು.

ಈ ಅಕ್ಕನನ್ನು ತಿಳವಳ್ಳಿಗೆ ಕೊಟ್ಟಿದ್ದಾರೆ. ಮದುವೆಯಾಗಿ ಹತ್ತು ವರ್ಷಕ್ಕೆ ಹುಟ್ಟಿದ ಒಬ್ಬಳೇ ಮಗಳು ಪೂರ್ಣಿಮಾ. ಸವಣೂರಿನ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಹುಡುಗಿಗೆ ಮೂವತ್ತು ತುಂಬಿತು. ಅದಕ್ಕೂ ಮೊದಲೇ ಏಳು ಸಲ ನೋಡಲು ಬಂದು ಹೋದರು. ಏಳೂ ಸಲ ಅಕ್ಕ ಗೋಡಂಬಿ ಹಾಕಿ ಉಪ್ಪಿಟ್ಟು ಮಾಡಿದಳು, ಏಳೂ ಸಲ ಶಿರಾ ಮಾಡಿದಳು, ಏಳೂ ಸಲ ನಾನು ಹಾನಗಲ್ಲಿನಿಂದ ಹೋಗಿ ಜಮಖಾನದ ತುದಿಯಲ್ಲಿ ಕೂತು ಮಳೆ ಬೆಳೆ ಮಾತಾಡಿದೆ. ಬಂದವರೆಲ್ಲ ಭಾಳ ಮರ್ಯಾದಸ್ಥರು. ಎದ್ದು ಹೋಗುವಾಗ ಚಪ್ಪಲಿ ಮೆಟ್ಟುತ್ತ “ಹೇಳಿ ಕಳಸ್ತೇವ್ರಿ” ಅಂದರು. ಹೇಳಿ ಕಳಿಸಿದವರು ಯಾರೂ ಇಲ್ಲ. ಅದೂ “ಆಗ್ಲಿ ಮಾಡ್ರಿ” ಜಾತಿಯ ಮಾತೇ. ಆದರೆ ಅಕ್ಕ ಪ್ರತಿ ಸಲ ಹದಿನೈದು ದಿನ ಫೋನಿನ ಹತ್ತಿರವೇ ಅಡ್ಡಾಡುತ್ತಿದ್ದಳು.

ಎಂಟನೆಯ ಸಂಬಂಧ ಬಂದಾಗ ಪೂರ್ಣಿಮಾ ಸೌಟು ಕೆಳಗಿಟ್ಟಳು. “ಅವ್ವಾ, ಎಂಟನೇದವ್ರಿಗೆ ನಾ ಉಪ್ಪಿಟ್ಟಿನ ತಾಟು ಹಿಡಕೊಂಡು ಬರೂದಿಲ್ಲ. ಹುಬ್ಬಳ್ಳಿ ಮಾಲಿನಾಗ ಕುಂತು ಮಾತಾಡ್ತೇವಿ. ಫೋನ್ ಮಾಡಿ ಹೇಳೇನಿ, ಅವರೂ ಒಪ್ಯಾರ. ಇದೂ ಆಗ್ಲಿಲ್ಲಂದ್ರ ಇನ್ನ ಮುಂದ ಯಾರನ್ನೂ ಕರಸಬ್ಯಾಡ್ರಿ, ನನಗ ಸಾಕಾಗೇತಿ” ಎಂದಳು.

ಹುಡುಗ ಹಂಸಭಾವಿಯವನು, ಮಹಾಂತೇಶ ಅಂತ. ಶಿಗ್ಗಾಂವಿಯಲ್ಲಿ ದನದ ಡಾಕ್ಟರ್. ಅಕ್ಕ ಅವನ ಫೋಟೋ ನೋಡಿದ್ದಳು. ಸ್ಟುಡಿಯೋದವರು ಕೋಟು ಹಾಕಿಸಿ, ಮುಖಕ್ಕೆ ಸುಣ್ಣ ಬಳಿದಷ್ಟು ಬೆಳ್ಳಗೆ ಮಾಡಿಕೊಟ್ಟ ಫೋಟೋ. “ಮಾಲಿನಾಗ ಹೆಣ್ಣು ನೋಡೂದಂದ್ರ ಏನು?” ಎಂದು ಅಕ್ಕ ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ತಾನೂ ಬರುತ್ತೇನೆಂದು ಹಟ ಹಿಡಿದಳು. ಕಡೆಗೆ ತಾಯಿ ಮಗಳ ನಡುವೆ ಒಪ್ಪಂದವಾಯಿತು. ಅಕ್ಕ ಬರಬಹುದು, ಜೊತೆಗೆ ನಾನು. ಆದರೆ ದೂರದ ಟೇಬಲ್ಲಿಗೆ ಕೂಡಬೇಕು. ನಾವು ಯಾರೆಂದು ಹುಡುಗನಿಗೆ ಗೊತ್ತಾಗಬಾರದು. ಅಕ್ಕ ಅವರ ಕಡೆ ತಿರುಗಿ ನೋಡಬಾರದು. ಭಾವ ಬರಲಿಲ್ಲ. ಅವರ ಮನೆಯ ಎಮ್ಮೆ ಭಾವನನ್ನು ಬಿಟ್ಟು ಬೇರೆಯವರಿಗೆ ಹಿಂಡಗೊಡುವುದಿಲ್ಲ.

ನನ್ನನ್ನು ಕರೆದುಕೊಂಡು ಹೋಗಲು ಕಾರಣವಿತ್ತು. ಹಾನಗಲ್ಲಿನ ಬಸ್ ನಿಲ್ದಾಣದಲ್ಲಿ ನಾನು ಕಂಟ್ರೋಲರ್ ಆಗಿದ್ದವನು. ಕಿಟಕಿಯ ಹಿಂದೆ ಕೂತು ಮೈಕಿನಲ್ಲಿ ಬಸ್ಸು ಕೂಗುತ್ತ ಮೂವತ್ತು ವರ್ಷ ಮಂದಿಯನ್ನು ನೋಡಿದ್ದೇನೆ. ನಿಂತ ನಿಲುವಿನಲ್ಲೇ ಇವರು ಹಾವೇರಿ ಬಸ್ಸಿನವರು, ಇವರು ಶಿರಸಿ ಬಸ್ಸಿನವರು ಎಂದು ಹೇಳಬಲ್ಲೆ ಎಂಬ ಒಂದು ಜಂಬವೂ ಇದೆ. ನಿವೃತ್ತನಾಗಿ ಎರಡು ವರ್ಷವಾಯಿತು, ಜಂಬ ಮಾತ್ರ ಇನ್ನೂ ಸರ್ವಿಸ್ಸಿನಲ್ಲಿದೆ.

ಮಾಲಿನ ಫುಡ್ ಕೋರ್ಟಿಗೆ ಕಾಲಿಟ್ಟಾಗ ನನಗೆ ತವರಿಗೆ ಬಂದಂತಾಯಿತು. ಭಾನುವಾರದ ಮಧ್ಯಾಹ್ನ, ಎಲ್ಲ ಟೇಬಲ್ಲೂ ಭರ್ತಿ. ಉಣ್ಣುವವರ ಬೆನ್ನ ಹಿಂದೆ ತಾಟು ಹಿಡಿದು ನಿಂತವರು, ಎದ್ದೇಳುವ ಲಕ್ಷಣ ಕಂಡ ಕೂಡಲೇ ಕುರ್ಚಿಯ ಮೇಲೆ ಕೈಚೀಲ ಇಡುವವರು, “ಇಲ್ಲಿ ಬರ್ತಾರ್ರಿ” ಎಂದು ನಾಲ್ಕು ಕುರ್ಚಿಗೆ ಒಬ್ಬರೇ ಕಾವಲು ಕೂತವರು. ಇದು ನನ್ನ ಬಸ್ ನಿಲ್ದಾಣವೇ, ಎ.ಸಿ. ಒಂದು ಹೆಚ್ಚು. ಒಂದು ಮನೆಯ ಐದು ಮಂದಿ ಐದು ಅಂಗಡಿಯ ತಿಂಡಿ ತರಿಸಿದ್ದರು. ಒಬ್ಬರ ತಿಂಡಿ ಬಂದಾಗ ಇನ್ನೊಬ್ಬರದು ಮುಗಿದಿತ್ತು. ಆ ಮನೆಯ ಯಜಮಾನ ತನಗೇನೂ ಬೇಡ ಎಂದು ದೊಡ್ಡಸ್ತಿಕೆಯಿಂದ ಹೇಳಿ, ಎಲ್ಲರೂ ಬಿಟ್ಟದ್ದನ್ನು ಒಂದೊಂದಾಗಿ ತನ್ನ ಕಡೆ ಎಳೆದುಕೊಳ್ಳುತ್ತಿದ್ದ. ಈ ಮನುಷ್ಯ ಯಾವ ತಾಲೂಕಿನವನಾದರೂ ಆಗಿರಬಹುದು, ನಾನೂ ಆಗಿರಬಹುದು.

ಪಕ್ಕದ ಟೇಬಲ್ಲಿನಲ್ಲಿ ಕಾಲೇಜು ಹುಡುಗಿಯರು ಬಂದ ತಟ್ಟೆಯನ್ನು ಮುಟ್ಟದೆ, ಫೋನು ಹಿಡಿದು ಮೇಲಿಂದ, ಪಕ್ಕದಿಂದ ಫೋಟೋ ತೆಗೆಯುತ್ತಿದ್ದರು.

“ಎಡಿ ತೋರಸಾಕತ್ತಾರೇನು?” ಎಂದು ಅಕ್ಕ ಕೇಳಿದಳು. ದೇವರಿಗೆ ನೈವೇದ್ಯ ತೋರಿಸುತ್ತಿದ್ದಾರೆಂದು ಅವಳು ತಿಳಿದಿದ್ದಳು. ಹುಡುಗಿಯರ ಭಕ್ತಿ ಕಂಡು ಅವಳಿಗೆ ಸಮಾಧಾನವಾಯಿತು, ನಾನೂ ತಿದ್ದಲಿಲ್ಲ.

ಪೂರ್ಣಿಮಾ ದೂರದ ತುದಿಯಲ್ಲಿ ಕೂತಿದ್ದಳು. ಹುಡುಗ ಆಗಲೇ ಬಂದಿದ್ದ. ಅಕ್ಕ ಮಾತಿಗೆ ತಪ್ಪುವವಳಲ್ಲ. ಅವರಿಗೆ ಬೆನ್ನು ಮಾಡಿ ಕೂತು, ಸೆರಗು ಹೊದ್ದು, ನನಗೆ ಹೇಳಿದಳು: “ನಾ ನೋಡೂದಿಲ್ಲ. ನೀ ನೋಡಿ ಹೇಳು.”

ಹೀಗೆ ನಿವೃತ್ತಿಯ ಬಳಿಕ ಮತ್ತೆ ನನಗೆ ಅನೌನ್ಸ್ ಮಾಡುವ ಕೆಲಸ ಬಂತು. ಹುಡುಗ ಬಾಗಿಲ ಕಡೆಯ ಕುರ್ಚಿ ಹಿಡಿದಿದ್ದಾನೆ, ಎಂದೆ. ಪೂರ್ಣಿಮಾ ಮಾತಾಡುತ್ತಿದ್ದಾಳೆ, ಅವನು ಫೋನು ನೋಡುತ್ತಿದ್ದಾನೆ, ಎಂದೆ. ಮತ್ತೆ ಫೋನು ನೋಡಿದ. ಮೂರನೇ ಸಲವೂ ನೋಡಿದ. ಬಸ್ ನಿಲ್ದಾಣದಲ್ಲಿ ಬಾಗಿಲ ಹತ್ತಿರ ಕೂತು ಗಳಿಗೆಗೊಮ್ಮೆ ಗಡಿಯಾರ ನೋಡುವವರನ್ನು ಎಷ್ಟು ಕಂಡಿಲ್ಲ ನಾನು? ಅವರು ಕೂಡುವವರಲ್ಲ.

“ಇದೂ ಆಗೂದಿಲ್ಲ ಬಿಡಕ್ಕಾ” ಎಂದುಬಿಟ್ಟೆ.

ಅಕ್ಕನ ಮುಖ ಸಪ್ಪಗಾಯಿತು. ಚೀಲದಿಂದ ಡಬ್ಬಿ ತೆಗೆದಳು. ಹೊರಗಿನ ತಿನಿಸು ತರಬಾರದೆಂದು ಗೋಡೆಯ ಮೇಲೆ ಬೋರ್ಡು ಇತ್ತು. ಅದಕ್ಕೇ ನಾನು ಒಂದು ಪ್ಲೇಟು ಇಡ್ಲಿ ತಂದು ಟೇಬಲ್ಲಿನ ಮೇಲೆ ತೋರಿಕೆಗೆ ಇಟ್ಟಿದ್ದೆ. ಅದರ ಹಿಂದೆ ಅಕ್ಕ ರೊಟ್ಟಿ, ಪುಂಡಿಪಲ್ಲೆ, ಕೆಂಪು ಮೆಣಸಿನಕಾಯಿ ಚಟ್ನಿ ಬಿಚ್ಚಿದಳು. ಚಟ್ನಿಯ ಘಮ ನಾಲ್ಕು ಟೇಬಲ್ ದಾಟಿ ಹೋಯಿತು. ಬೆಳಗಿನಿಂದ ಅವಳ ಹೊಟ್ಟೆಗೆ ಒಂದು ಕಪ್ ಚಹಾ ಬಿಟ್ಟರೆ ಏನೂ ಬಿದ್ದಿರಲಿಲ್ಲ. ರೊಟ್ಟಿ ಮುರಿದಳು. ಮುರಿದು, ಪದ್ಧತಿಯಂತೆ ಎಡಕ್ಕೆ ತಿರುಗಿ ಫೋಟೋದ ಹುಡುಗಿಯರಿಗೆ “ಬರ್ರಿ ಊಟಕ್ಕ” ಅಂದಳು. ಹುಡುಗಿಯರ ಕಿವಿಯಲ್ಲಿ ಬಿಳಿ ಗುಂಡಿಗಳಿದ್ದವು, ಕೇಳಿಸಲಿಲ್ಲ. ಬಲಕ್ಕೆ ತಿರುಗಿ ಐದು ತಿಂಡಿಯ ಮನೆಯವರನ್ನು ಕರೆದಳು. ಯಜಮಾನನ ಹೆಂಡತಿ ಗಾಬರಿಯಾಗಿ ತನ್ನ ಪರ್ಸು ಹತ್ತಿರ ಎಳೆದುಕೊಂಡಳು. ಹಿಂದಿನವರನ್ನು ಕರೆದಳು. ಅವರು ನಕ್ಕು ಮುಖ ತಿರುಗಿಸಿದರು.

“ಮಂದಿ ನೋಡಾಕತ್ತಾರ, ಸುಮ್ನ ಉಣ್ಣಕ್ಕಾ” ಎಂದೆ. ನನಗೆ ನಾಚಿಕೆಯಾಗಿತ್ತು. ನಿಜ ಹೇಳಬೇಕೆಂದರೆ ಅಕ್ಕನ ಹಸಿವಿಗಿಂತ ನನ್ನ ಮಾನದ ಚಿಂತೆಯೇ ನನಗೆ ಹೆಚ್ಚಾಗಿತ್ತು.

“ಯಾರರೆ ಒಬ್ರು ಆಗ್ಲಿ ಅಂತಾರ ತಡಿ” ಎಂದು ಅಕ್ಕ ತುತ್ತು ಹಿಡಿದು ಕೂತಳು. ಕೈ ಬಾಯಿಗೆ ಹೋಗಲಿಲ್ಲ.

ಅಷ್ಟರಲ್ಲಿ ಅಲ್ಲಿ ಹುಡುಗನ ಟೇಬಲ್ಲಿನ ಮೇಲಿದ್ದ ಯಂತ್ರ ಗುರ್ ಅಂತ ನಡುಗಿತು. ತಿಂಡಿ ತಯಾರಾಗಿದೆ ಬಂದು ಒಯ್ಯಿ ಎಂದು ಕರೆಯುವ ಯಂತ್ರ ಅದು. ಅವನು ಎದ್ದು ಕೌಂಟರಿಗೆ ಹೋದ. ಎರಡು ಬಟ್ಟಲು ಪಾಸ್ತಾ ಇದ್ದ ಟ್ರೇ ಹಿಡಿದು ಮರಳುವಾಗ, ಎಲ್ಲ ಬಿಟ್ಟು ನಮ್ಮ ಟೇಬಲ್ಲಿನ ಪಕ್ಕದ ದಾರಿಯನ್ನೇ ಹಿಡಿದ. ನಾನು ಅಕ್ಕನಿಗೆ ಸನ್ನೆ ಮಾಡಿದೆ. ಅವಳು ನನ್ನ ಕಡೆ ನೋಡುತ್ತಿರಲಿಲ್ಲ. ಹಾಯ್ದು ಹೋಗುತ್ತಿದ್ದ ಕಪ್ಪಗಿನ, ಸಾದಾ ಅಂಗಿಯ ಹುಡುಗನನ್ನು ನೋಡುತ್ತಿದ್ದಳು. ಫೋಟೋದ ಬಿಳಿಯ ಮುಖಕ್ಕೂ ಈ ಮುಖಕ್ಕೂ ಏನೇನೂ ಸಂಬಂಧವಿರಲಿಲ್ಲ.

“ಬಾರಪಾ ಊಟಕ್ಕ” ಅಂದಳು ಅಕ್ಕ.

ಹುಡುಗ ನಿಂತ. ಅಕ್ಕನ ಕೈಯಲ್ಲಿ ಹಿಡಿದೇ ಇದ್ದ ತುತ್ತು ನೋಡಿದ, ಚಟ್ನಿ ನೋಡಿದ. ಟ್ರೇಯನ್ನು ನಮ್ಮ ಟೇಬಲ್ಲಿನ ಮೇಲಿಟ್ಟು, ಕುರ್ಚಿ ಎಳೆದು ಕೂತೇಬಿಟ್ಟ.

“ಒಂದ ಸ್ವಲ್ಪ ಹಾಕ್ರಿ ಅವ್ವಾರ. ಮುಂಜಾನಿಂದ ಏನೂ ತಿಂದಿಲ್ಲ” ಎಂದ.

ಐವತ್ತು ವರ್ಷದ ಹಿಂದೆ ಆ ಮುದುಕನನ್ನು ಕಂಡು ತೆರೆದ ಬಾಯಿಯನ್ನು ಅಕ್ಕ ಅವತ್ತು ಮತ್ತೆ ತೆರೆದಳು. ಆದರೆ ಕರೆದಾಗಿತ್ತು. ರೊಟ್ಟಿಯ ಮೇಲೆ ಪಲ್ಲೆ ಹಾಕಿ ಕೊಟ್ಟಳು. ಅವನು ತುತ್ತು ಬಾಯಿಗಿಟ್ಟ ಮೇಲೆ ತಾನೂ ಇಟ್ಟಳು. ನಾನು ಪೂರ್ಣಿಮಾಳ ಕಡೆ ನೋಡಿದೆ. ತನ್ನನ್ನು ನೋಡಲು ಬಂದವನು ತನ್ನ ತಾಯಿಯ ಪಂಕ್ತಿಯಲ್ಲಿ ಉಣ್ಣುತ್ತಿರುವುದನ್ನು ಅವಳು ದೂರದಿಂದ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದಳು. ಸಿಟ್ಟೋ ನಗುವೋ ಗೊತ್ತಾಗಲಿಲ್ಲ. ಮಂದಿಯನ್ನು ಓದುವ ನನ್ನ ವಿದ್ಯೆ ಅವತ್ತು ರಜೆ ಹಾಕಿತ್ತು.

“ಅಜ್ಜಾರ, ನೀವ್ಯಾಕ ಇಡ್ಲಿ ತಿನ್ನಾಕತ್ತೀರಿ? ಇಂಥಾ ರೊಟ್ಟಿ ಇಟಗೊಂಡು” ಎಂದು ಅವನು ನನ್ನನ್ನು ಕೇಳಿದ. ಅರವತ್ತೆರಡಕ್ಕೇ ಅಜ್ಜ ಆದದ್ದನ್ನು ನಾನು ನುಂಗಿಕೊಂಡೆ.

ಅಕ್ಕನಿಗೆ ಉಣ್ಣುವವರ ಮುಂದೆ ಸುಮ್ಮನಿರಲು ಬರುವುದಿಲ್ಲ. ಇನ್ನೊಂದು ರೊಟ್ಟಿ ಹಾಕುತ್ತ ಎಮ್ಮೆಯ ಸುದ್ದಿ ತೆಗೆದಳು. “ಮನಿಯವರೂ ಬರಬೇಕಾಗಿತ್ತು. ನಮ್ಮ ಎಮ್ಮಿ ಅವರನ್ನ ಬಿಟ್ಟು ಯಾರಿಗೂ ಹಿಂಡಗೊಡೂದಿಲ್ಲ” ಎಂದಳು.

“ಅವರ ಅಂಗಿ ಹಾಕ್ಕೊಂಡು ನೀವು ಹಿಂಡಾಕ ಕುಂದರ್ರಿ. ವಾಸನಿ ಹಿಡದು ಸುಮ್ನ ನಿಂದರತೈತಿ” ಎಂದ ಹುಡುಗ. “ನಾ ದನದ ಡಾಕ್ಟರ್ ಅದೇನ್ರಿ, ಶಿಗ್ಗಾಂವಿಯಾಗ. ಒಂದ ಆಕಳು ಈಯಾಕ ತ್ರಾಸ ಮಾಡಾಕತ್ತಿತ್ತು, ಅದನ್ನ ಮುಗಿಸಿ ಸೀದಾ ಇಲ್ಲಿಗೆ ಬಂದೇನಿ. ಆಕಳ ಜೀವ ಹೆಂಗೈತೋ ಅಂತ ಫೋನ್ ನೋಡೂದ ಆಗೇತಿ. ಈಗರ ಒಂದ ಮೆಸೇಜ್ ಬಂತು. ಆಕಳು, ಕರು ಎರಡೂ ಆರಾಮದಾವಂತ.”

ಅಕ್ಕ ನನ್ನ ಕಡೆ ತಿರುಗಿದಳು. ಬಾಗಿಲ ಕುರ್ಚಿ, ಮೂರು ಸಲ ಫೋನು, ಇದೂ ಆಗೂದಿಲ್ಲ. ನನ್ನ ಅನೌನ್ಸ್‌ಮೆಂಟು ಅಷ್ಟೂ ಅವಳ ಕಣ್ಣಿನಲ್ಲಿತ್ತು. ನಾನು ಮೇಲೆ ತಿರುಗುತ್ತಿದ್ದ ಫ್ಯಾನು ನೋಡುತ್ತ ಕೂತೆ. ಅಲ್ಲಿ ಫ್ಯಾನೇ ಇರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

“ಕರದ ಕೂಡ್ಲೆ ಬಂದು ಕುಂತ್ರೆಲ್ಲಾ?” ಎಂದಳು ಅಕ್ಕ. ಏಕವಚನ ಬಿಟ್ಟು ಬಹುವಚನಕ್ಕೆ ಬಂದಿದ್ದಳು.

“ನಮ್ಮದು ಮಂದಿ ಮನಿಗೆ ಹೋಗೂ ಕೆಲಸರಿ ಅವ್ವಾರ. ಉಣ್ರಿ ಅಂದಾಗ ಬ್ಯಾಡ ಅಂದ್ರ ರೈತರು ಬ್ಯಾಸರ ಮಾಡ್ಕೋತಾರ. ಅದ ರೂಢಿ ಆಗಿಬಿಟ್ಟೇತಿ” ಎಂದು ಅವನು ಗಡಿಬಿಡಿಯಿಂದ ಎದ್ದ. “ತಡಾ ಆತ್ರಿ. ಅಲ್ಲಿ ಒಬ್ರು ಕುಂತಾರ, ನನ್ನ ನೋಡಾಕ ಬಂದಾರ.”

“ಹೌದೇನು? ಹೆಂಗದಾರ?” ಎಂದು ಕೇಳಿಬಿಟ್ಟಳು ನನ್ನ ಅಕ್ಕ. ಮುಖದ ಒಂದು ಗೆರೆಯೂ ಅಲುಗಲಿಲ್ಲ. ಅವಳಿಗೆ ಅರವತ್ತೈದಾದರೂ ಇಂಥ ಕಲೆ ಇವಳಲ್ಲಿ ಇದೆಯೆಂದು ನನಗೆ ತಿಳಿದಿರಲಿಲ್ಲ.

ಹುಡುಗ ಟ್ರೇ ಎತ್ತಿಕೊಂಡು ಸ್ವಲ್ಪ ಯೋಚಿಸಿದ. “ಭಾಳ ಶಾಣ್ಯಾರದಾರ್ರಿ. ಅವರ ಮುಂದ ನನಗ ಮಾತ ಬರವಲ್ವು. ದನದ ಸುದ್ದಿ ಬಿಟ್ಟು ಏನ ಮಾತಾಡಬೇಕಂತ ತಿಳಿವಲ್ದು.”

“ದನದ ಸುದ್ದಿನ ಮಾತಾಡ್ರಿ” ಎಂದು ಅಕ್ಕ ಒಂದು ರೊಟ್ಟಿಯಲ್ಲಿ ಚಟ್ನಿ ಸುತ್ತಿ ಟ್ರೇಯ ಮೇಲಿಟ್ಟಳು. “ಇದನ್ನ ಅವರಿಗೆ ಕೊಡ್ರಿ.”

ಅವನು ಹೋದ. ಅಕ್ಕ ಮತ್ತೆ ಬೆನ್ನು ಮಾಡಿ ಕೂತಳು. ಮಾತು ಮಾತೇ ಅವಳಿಗೆ. “ಏನ ನಡದೈತಿ, ಹೇಳು” ಎಂದಳು. ನಾನು ಈ ಸಲ ಕಂಡದ್ದನ್ನಷ್ಟೇ ಹೇಳಿದೆ, ಅರ್ಥ ಹಚ್ಚಲಿಲ್ಲ. ರೊಟ್ಟಿ ಕೊಟ್ಟ. ಪೂರ್ಣಿ ತಗೊಂಡಳು. ಮೂಸಿ ನೋಡಿದಳು. ನಗುತ್ತಿದ್ದಾಳೆ. ಅಕ್ಕಾ, ಟೇಬಲ್ಲಿಗೆ ಹಣೆ ಹಚ್ಚಿ ನಗುತ್ತಿದ್ದಾಳೆ. ಏಳು ಸಲ ಜಮಖಾನದ ತುದಿಯಲ್ಲಿ ಕೂತು ನೋಡಿದರೂ ಆ ಹುಡುಗಿ ಹೀಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಅವಳು ಅವನಿಗೆ ಏನೋ ಹೇಳಿದಳು. ಅವನು ದಡಕ್ಕನೆ ಎದ್ದು ನಿಂತ. ನಮ್ಮ ಕಡೆ ತಿರುಗಿ, ಎಂಜಲು ಕೈಯನ್ನೇ ಜೋಡಿಸಿ, ಅಕ್ಕನ ಬೆನ್ನಿಗೆ ನಮಸ್ಕಾರ ಮಾಡಿದ.

“ನಿನಗ ನಮಸ್ಕಾರ ಮಾಡಾಕತ್ತಾನ” ಎಂದೆ.

ಅಕ್ಕ ತಿರುಗಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು, “ಚಟ್ನಿ ಖಾರ ಆಗೇತಿ” ಎಂದಳು.

ಮರುದಿನ ಶಾಲೆಗೆ ರಜೆ ಇತ್ತು. ಹೀಗಾಗಿ ಅವತ್ತು ಸಂಜೆ ಪೂರ್ಣಿಮಾ ನಮ್ಮ ಜೊತೆಗೇ ಹಾನಗಲ್ ಬಸ್ಸು ಹತ್ತಿದಳು. ಮೂವರಿಗೂ ಒಂದೇ ಸೀಟು ಸಿಕ್ಕಿತು. ಒಳಗೊಳಗೇ ಹಿಗ್ಗು ಇದ್ದರೂ ಅಕ್ಕನಿಗೆ ಒಂದು ಮುಳ್ಳು ಉಳಿದೇ ಇತ್ತು. ಹುಣಸೆಮರದ ಕೆಳಗಿನ ಮುಳ್ಳು. ತಡಸ ದಾಟುವ ತನಕ ತಡೆದುಕೊಂಡಳು, ಆಮೇಲೆ ಆಗಲಿಲ್ಲ.

“ಹುಡುಗ ಛಲೋ ಅದಾನ, ಇಲ್ಲಂದವರ್ಯಾರು? ಆದ್ರ ಕರದಾಗ ಆಗ್ಲಿ ಮಾಡ್ರಿ ಅನ್ನಬೇಕು ಅನ್ನೂದು ಅವಗ ಗೊತ್ತಿಲ್ಲ ನೋಡು. ಯಾರೋ ಏನೋ, ಸೀದಾ ಬಂದು ಕುಂತ.”

ಪೂರ್ಣಿಮಾ ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದಳು: “ಬಂದು ಹೋದ ಏಳೂ ಮಂದಿಗೆ ಅದು ಗೊತ್ತಿತ್ತವ್ವಾ. ಇವರಿಗೆ ಗೊತ್ತಿಲ್ಲ. ಅದಕ್ಕ ನಾ ಹೂಂ ಅಂದ ಬಂದೇನಿ.”

“ಅಂವ ಏನಂದ? ಹೇಳಿ ಕಳಸ್ತೇನಿ ಅಂದ್ನೇನು?” ಅಕ್ಕನ ದನಿ ಸಣ್ಣಗಾಗಿತ್ತು.

“ಅಲ್ಲೇ ಹೂಂ ಅಂದ್ರು. ಬರೂ ಐತವಾರ ತಿಳವಳ್ಳಿಗೆ ಬರ್ತಾರಂತ. ಎಮ್ಮಿ ನೋಡಾಕ.”

ಶಿಗ್ಗಾಂವಿ ಬಂತು, ಹೋಯಿತು. ಆ ಊರು ಬಂದಾಗ ತಾಯಿ ಮಗಳು ಇಬ್ಬರೂ ಕಿಟಕಿಯಿಂದ ಹೊರಗೆ ನೋಡಿದರು, ಇಬ್ಬರೂ ನೋಡದವರಂತೆ ನಟಿಸಿದರು. ಬಂಕಾಪುರದ ಹತ್ತಿರ ಅಕ್ಕ ಚೀಲಕ್ಕೆ ಕೈ ಹಾಕಿ ಡಬ್ಬಿ ತೆಗೆದಳು. ಎರಡು ರೊಟ್ಟಿ ಉಳಿದಿದ್ದವು. ಒಂದನ್ನು ಮುರಿದು ಮಗಳಿಗೂ ನನಗೂ ಕೊಟ್ಟಳು. ಇನ್ನೊಂದನ್ನು ಕೈಯಲ್ಲಿ ಹಿಡಿದು, ಆಚೆ ಸೀಟಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಒಬ್ಬ ವಯಸ್ಸಾದ ಹೆಂಗಸಿನ ಕಡೆ ತಿರುಗಿದಳು.

“ಬರ್ರಿ ಊಟಕ್ಕ.”

“ಆಗ್ಲಿ, ಮಾಡ್ರೆವ್ವಾ” ಎಂದಳು ಆ ಹೆಂಗಸು, ಪದ್ಧತಿಯಂತೆ.

ಇಷ್ಟು ವರ್ಷ ಇದೊಂದು ಮಾತು ಕೇಳಿದ ಮೇಲೆ ಅಕ್ಕನ ಕೈ ತನ್ನ ಬಾಯಿಗೇ ಹೋಗುತ್ತಿತ್ತು. ಅವತ್ತು ಹೋಗಲಿಲ್ಲ. ಅವಳು ಸೀಟಿನಿಂದ ಎದ್ದಳು. ಬಸ್ಸು ಜೋಲಿ ಹೊಡೆಯುತ್ತಿತ್ತು. ಒಂದು ಕೈಯಿಂದ ಕಂಬಿ ಹಿಡಿದು, ಇನ್ನೊಂದು ಕೈಯಿಂದ ರೊಟ್ಟಿಯನ್ನು ಆ ಹೆಂಗಸಿನ ಕಡೆ ಚಾಚಿದಳು.

“ಖರೇನ ಕರಿಯಾಕತ್ತೇನ್ರಿ, ತಗೋರಿ” ಎಂದಳು.